ಬಳಗದವರು ಮಾಡಿದ ಬಾಣಂತನ

ಮೊನ್ನೆ ಬೆಟಗೇರಿಯ ನೇಕಾರರ ಓಣಿಗೆ ಸೀರೆ ನೋಡಲು ಹೋಗಿದ್ದೆವು. ನೋಡುವುದು ಹೆಂಡತಿಯ ಕೆಲಸ, ಚೀಲ ಹಿಡಿದು ನಿಲ್ಲುವುದು ನನ್ನ ಕೆಲಸ. ಒಳಗೆ ಮಗ್ಗ ಕಟಕಟ ಅನ್ನುತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಬಾಗಿಲಿನಿಂದ ಹೊಗೆ ಹೊರಬಂತು. ಲೋಬಾನ, ಬೆಳ್ಳುಳ್ಳಿ ಸಿಪ್ಪೆ, ಅಜವಾನ ಮೂರೂ ಕೆಂಡಕ್ಕೆ ಬಿದ್ದಾಗ ಬರುವ ಹೊಗೆ. ನೀರೆರೆದ ಕೂಸಿಗೆ ಹಿಡಿಯುವಂಥದ್ದು.

"ಇಲ್ಲಿ ಬಾಣಂತಿ ಅದಾಳ," ಅಂದೆ.

ಹೆಂಡತಿ ಸೀರೆ ಬಿಟ್ಟು ನನ್ನ ಮುಖ ನೋಡಿದಳು. "ನಿಮಗ ಹೆಂಗ ಗೊತ್ತಾತು?"

ಗೊತ್ತಾಗದೆ ಏನು. ಎಂ.ಎ. ಓದುವ ಕಾಲಕ್ಕೆ ನಾನು ಬಾಣಂತನ ಮಾಡಿದವನು. ಒಬ್ಬನೇ ಅಲ್ಲ, ನಮ್ಮ ಇಡೀ ಬಳಗ. ಈಗ ನಾವಿರುವ ಮುಂಡರಗಿಗೆ ಮರಳುವ ಬಸ್ಸಿನಲ್ಲಿ ಅವಳಿಗೆ ಆ ವರ್ಷದ ಕಥೆ ಹೇಳಿದೆ. ಅರ್ಧಕ್ಕೇ ಊರು ಬಂತು. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ.

ಗದಗಿನ ಹೊರಗಿನ ಬಯಲಿನಲ್ಲಿತ್ತು ನಾವು ಓದಿದ ವಿಶ್ವವಿದ್ಯಾಲಯ. ಕಟ್ಟಡ ಹೊಸವು, ಗಿಡಗಳು ಮೊಣಕಾಲೆತ್ತರ, ಗಾಳಿ ಮಾತ್ರ ಕಪ್ಪತಗುಡ್ಡದ್ದು. ಅಲ್ಲಿಗೆ ಬಂದವರೆಲ್ಲ ಸುತ್ತಲಿನ ಹಳ್ಳಿ ಪೇಟೆಗಳ ಮಕ್ಕಳು. ಡಿಗ್ರಿ ಓದುವ ಹುಡುಗನನ್ನು ಊರು ಪ್ರೀತಿಯಿಂದ ಮಾತಾಡಿಸುತ್ತದೆ. ಅದೇ ಹುಡುಗ ಪಿಜಿಗೆ ಹೋದನೆಂದರೆ ಮಾತಿನ ಧಾಟಿ ಬದಲಾಗುತ್ತದೆ. "ಇನ್ನೂ ಮುಗಿದಿಲ್ಲೇನಪ?" ಎಂದು ಕಟ್ಟೆಯ ಮೇಲೆ ಕೂತವರು ಕೇಳುತ್ತಾರೆ. ಹುಡುಗಿಯಾದರೆ ಕೇಳುವುದು ಅವಳನ್ನಲ್ಲ, ಅವಳ ಅಪ್ಪನನ್ನು. ಹೀಗೆ ಊರಿಗೂ ಸಲ್ಲದೆ ನೌಕರಿಗೂ ಸಲ್ಲದೆ ನಡುವೆ ನಿಂತ ವಯಸ್ಸಿನವರು ನಾವು. ಕೆಲವರು ಹಾಸ್ಟೆಲ್ಲಿನ ಕೋಣೆ ಸೇರಿ ಮಾತೇ ಬಿಟ್ಟುಬಿಡುತ್ತಿದ್ದರು.

ಅದಕ್ಕೇ ಹುಟ್ಟಿದ್ದು ನಮ್ಮ ಬಳಗ. ಹೊಸಬರಿಗೆ ಖೋಲಿ ಹುಡುಕಿಕೊಡುವುದು, ಫೆಲೋಶಿಪ್ ಅರ್ಜಿ ತುಂಬಿಸುವುದು, ಜ್ವರ ಬಂದವರಿಗೆ ಗಂಜಿ ಒಯ್ಯುವುದು, ಮಾತು ಬಿಟ್ಟವರನ್ನು ಹೊರಗೆಳೆದು ಚಹಾ ಕುಡಿಸುವುದು ಅದರ ಕೆಲಸ. ಮೊದಲ ಸಭೆಯಲ್ಲಿ ಕಾರ್ಯದರ್ಶಿಯನ್ನು ಆರಿಸುವ ಹೊತ್ತಿಗೆ ನಾನು ನೀರು ಕುಡಿಯಲು ಎದ್ದು ಹೋಗಿದ್ದೆ. ಬಂದಾಗ ನಾನೇ ಕಾರ್ಯದರ್ಶಿಯಾಗಿದ್ದೆ. ಅಂತೂರ ಬೆಂತೂರದ ಒಕ್ಕಲುತನದ ಮನೆಯವನು ನಾನು. ದನ ಕಾಯ್ದ ಅನುಭವ ಮನುಷ್ಯರಿಗೂ ಬಂದೀತೆಂದು ಒಪ್ಪಿಕೊಂಡೆ. ಜೊತೆಗೆ ಶಿರಹಟ್ಟಿಯ ರಜಿಯಾ ಇದ್ದಳು. ಅವಳ ತಂದೆಯದು ಬಳೆ ಅಂಗಡಿ. ನಾನು ಸಭೆಯಲ್ಲಿ ಹತ್ತು ಮಾತಿಗೆ ಮುಗಿಸದ್ದನ್ನು ಅವಳು ಒಂದು ಮಾತಿಗೆ ಮುಗಿಸುತ್ತಿದ್ದಳು, ಮತ್ತು ಆ ಒಂದು ಮಾತು ಸಾಮಾನ್ಯವಾಗಿ "ಸಾಕು" ಎಂಬುದಾಗಿರುತ್ತಿತ್ತು.

ಬಳಗದ ದೊಡ್ಡ ಕೆಲಸವೆಂದರೆ ಸೋಮವಾರದ ಬುತ್ತಿ. ಶನಿವಾರ ಊರಿಗೆ ಹೋದವರು ಸೋಮವಾರ ಬುತ್ತಿ ಕಟ್ಟಿಸಿಕೊಂಡು ಬಂದು, ಗ್ರಂಥಾಲಯದ ಹಿಂದಿನ ಬೇವಿನ ಮರದ ಕೆಳಗೆ ಎಲ್ಲ ಬಿಚ್ಚಿಟ್ಟು ಹಂಚಿಕೊಂಡು ತಿನ್ನುವುದು. ಊರಿಗೆ ಹೋಗಲಾಗದವರು ಮೊದಲು ಕೂಡಬೇಕು, ಅದೊಂದೇ ನಿಯಮ. ಕುರ್ತಕೋಟಿಯ ಸಜ್ಜಿ ರೊಟ್ಟಿ, ಮುಂಡರಗಿಯ ಮೊಸರು, ರಜಿಯಾಳ ಮನೆಯ ಖೀಮಾ ಡಬ್ಬಿ ಬೇರೆ ಕಟ್ಟೆಯ ಮೇಲೆ, ಬೇಕಾದವರಿಗೆ. ಆದರೆ ಎಲ್ಲರ ಕೈ ಮೊದಲು ಹೋಗುತ್ತಿದ್ದುದು ನೀಲಾಳ ಬುತ್ತಿಗೆ. ತೆಳ್ಳನೆಯ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆ ಬದನೆಕಾಯಿ. ಲಕ್ಷ್ಮೇಶ್ವರದಲ್ಲಿದ್ದ ಅವಳ ಅತ್ತೆ ಬಸಲಿಂಗವ್ವ ಮಾಡಿ ಕಳಿಸುತ್ತಿದ್ದುದು. ಮುಖ ನೋಡುವ ಮೊದಲೇ ನಮಗೆಲ್ಲ ಆಕೆಯ ಕೈರುಚಿ ಗೊತ್ತಿತ್ತು.

ನೀಲಾ ಮುಂಡರಗಿಯ ಹುಡುಗಿ. ಅವಳು ಸಣ್ಣವಳಿದ್ದಾಗಲೇ ತಾಯಿ ತೀರಿಕೊಂಡಿದ್ದರು. ತವರಿನಲ್ಲಿ ಅಪ್ಪ ಮತ್ತು ತಮ್ಮ ಇಬ್ಬರೇ. ಡಿಗ್ರಿ ಮುಗಿದ ಮೇಲೆ ಲಕ್ಷ್ಮೇಶ್ವರಕ್ಕೆ ಮದುವೆಯಾಯಿತು. ಗಂಡ ಈರಣ್ಣನದು ಪಂಪ್‌ಸೆಟ್ ರಿಪೇರಿ ಅಂಗಡಿ. ಓದಿಸುತ್ತೇವೆಂದು ಮಾತು ಕೊಟ್ಟೇ ಮನೆಗೆ ತಂದುಕೊಂಡಿದ್ದರು, ಕೊಟ್ಟ ಮಾತಿನಂತೆ ಕಳಿಸಿಯೂ ಇದ್ದರು. ಎರಡನೇ ವರ್ಷಕ್ಕೆ ಬಂದಾಗ ಅವಳು ಬಸುರಿಯಾದಳು. ಹೆರಿಗೆ ಸಂಕ್ರಾಂತಿಯ ಸುಮಾರಿಗೆ, ಕೊನೆಯ ಸೆಮಿಸ್ಟರ್ ಶುರುವಾಗುವುದು ಅದರ ಹಿಂದೆಯೇ. ಈ ವರ್ಷ ಬಿಟ್ಟರೆ ಮತ್ತೆ ಬರುವುದಾಗುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದು ಒಮ್ಮೆ ಮಾತ್ರ. "ನಮ್ಮ ಮನ್ಯಾಗ ಓದು ಮುಗಿಸಿದ ಹೆಣ್ಮಗಳು ಅಂತ ಒಬ್ಬಾಕಿನೂ ಇಲ್ಲ. ನಾನರ ಆಗಬೇಕು," ಅಂದಿದ್ದಳು.

ಏಳನೇ ತಿಂಗಳು ಬಿದ್ದಿತ್ತು. ಕಾರ್ತಿಕದ ದಿನಗಳು, ಮುಂಜಾನೆ ಹಾಸ್ಟೆಲ್ಲಿನ ನೀರು ಮುಟ್ಟಲಾಗದಷ್ಟು ತಂಪು. ತಾಯಿಯಿಲ್ಲದ ಹುಡುಗಿಗೆ ಬಳಗದಿಂದ ಕುಬಸ ಮಾಡೋಣ ಎಂಬ ವಿಚಾರ ಎದ್ದಿತು. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಉಡಿ ತುಂಬುವ ಶಾಸ್ತ್ರ. ಅದು ಮೊದಲು ಯಾರ ತಲೆಯಲ್ಲಿ ಹುಟ್ಟಿತೆಂದು ಇವತ್ತಿಗೂ ಜಗಳವಿದೆ. ಅವತ್ತು ಮೂರು ಮಂದಿ ತಮ್ಮದೆಂದರು, ವಾರದ ಮೇಲೆ ಯಾರೂ ತಮ್ಮದೆನ್ನಲಿಲ್ಲ.

ಕುಬಸ ಮಾತ್ರ ಚಂದವಾಯಿತು. ಓದುವ ಕೋಣೆಯ ಮೇಜು ಸರಿಸಿ ಎರಡೂ ಕಡೆ ಜೋಳದ ದಂಟು ಕಟ್ಟಿದೆವು. ವಿಭಾಗದ ಮುಖ್ಯಸ್ಥರ ತಿರುಗುವ ಕುರ್ಚಿ ಕೇಳಿ ತಂದೆವು. ನೀಲಾ ಕೂತಾಗ ಅದು ಸುಮ್ಮನೆ ಗೋಡೆಯ ಕಡೆ ತಿರುಗಿಬಿಡುತ್ತಿತ್ತು. ಆರತಿ ಎತ್ತುವವರು ಅದರ ಹಿಂದೆ ಸುತ್ತಬೇಕಾಯಿತು. ರಜಿಯಾ ಅಪ್ಪನ ಅಂಗಡಿಯಿಂದ ಹಸಿರು ಗಾಜಿನ ಬಳೆ ತಂದು ತಾನೇ ಇಟ್ಟಳು. ಹಾಡು ಬಾರದವರೂ ಹಾಡಿದರು. ನೀಲಾ ನಕ್ಕಳು, ಅತ್ತಳು, ಮತ್ತೆ ನಕ್ಕಳು. ಫೋಟೋಗಳು ವಾಟ್ಸಪ್ಪಿಗೆ ಏರಿದವು. ಸೊಸೆಯ ಕುಬಸವನ್ನು ಮಾಡಬೇಕಾದವರಿಗೆ ಒಂದು ಮಾತು ಹೇಳಬೇಕೆಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕುಬಸದ ಊಟಕ್ಕೆ ಎಷ್ಟು ಬಗೆಯ ಚಿತ್ರಾನ್ನ ಇರಬೇಕೆಂಬುದರ ಮೇಲೆ ಮಾತ್ರ ಎರಡು ಸಭೆ ನಡೆದಿದ್ದವು.

ಆ ಸೋಮವಾರ ನೀಲಾ ಬರಲಿಲ್ಲ. ಬುತ್ತಿಯೂ ಬರಲಿಲ್ಲ. ಮಧ್ಯಾಹ್ನ ಈರಣ್ಣ ಫೋನ್ ಮಾಡಿದ. ಹೆಂಡತಿಯ ಫೋಟೋ ಚಂದ ಬಂದಿದೆಯೆಂದು ಖುಷಿಯಿಂದ ಅವ್ವನಿಗೆ ತೋರಿಸಿದವನು ಅವನೇ.

"ಅವ್ವ ಭಾಳ ಸಿಟ್ಟಾಗ್ಯಾಳ್ರಿ. ಓದೂದು ಸಾಕು, ಇನ್ನ ಎಲ್ಲಿಗೂ ಕಳಸಂಗಿಲ್ಲ ಅನ್ನಾಕತ್ಯಾಳ. ನಾ ಹೇಳಿದ್ರ ಕೇಳಾಕ ತಯಾರಿಲ್ಲ. ನೀವ ಒಮ್ಮೆ ಬರ್ರಿ."

ಮರುದಿನ ನಾನು ಶಿರಹಟ್ಟಿಯ ಮೇಲಿಂದ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸು ಹತ್ತಿದೆ. ಮಾಗಡಿ ಕೆರೆಗೆ ದೂರದೇಶದ ಹಕ್ಕಿಗಳು ಬಂದಿಳಿದಿದ್ದವು. ನೀರಿನ ಮೇಲೆ ಬಿಳಿಬೂದು ಕಂಬಳಿ ಹಾಸಿದಂತೆ ಕಾಣುತ್ತಿತ್ತು. ಬೇರೆ ದಿನವಾಗಿದ್ದರೆ ಇಳಿದು ನೋಡುತ್ತಿದ್ದೆ. ಶಿರಹಟ್ಟಿಯಲ್ಲಿ ರಜಿಯಾ ಹತ್ತಿದಳು. ಏನು ಹೇಳಬೇಕೆಂದು ನಾನು ದಾರಿಯುದ್ದಕ್ಕೂ ಭಾಷಣ ತಯಾರಿಸಿದೆ. ಅವಳು ಕೇಳಿ, "ಇದನ್ನೆಲ್ಲ ಹೇಳಬ್ಯಾಡ. ತಪ್ಪಾತು ಅನ್ನೂಣು, ಸಾಕು," ಅಂದಳು.

ಬಸಲಿಂಗವ್ವ ಬಾಗಿಲಲ್ಲೇ ನಿಂತಿದ್ದಳು. ಎತ್ತರದ ಹೆಂಗಸು, ಹಣೆತುಂಬ ವಿಭೂತಿ, ಸೆರಗು ಸೊಂಟಕ್ಕೆ. ಕಾಲಿಗೆ ನೀರು ಕೊಟ್ಟಳು. ಚಾಪೆ ಹಾಸಿದಳು. ನಾನು ಭಾಷಣದ ಮೊದಲ ಸಾಲು ತೆಗೆದೆ.

"ಮದ್ಲ ಚಾ ಕುಡೀರಿ," ಅಂದಳು. "ಆಮ್ಯಾಲ ಬೈತೀನಿ."

ಚಹಾ ಕುಡಿದೆವು. ಬೈದಳು. ಮಾಳಿಗೆಯ ಜಂತಿಯಲ್ಲಿದ್ದ ಗುಬ್ಬಿಗಳೂ ಹಾರಿಹೋದವು.

"ಇಷ್ಟ ಓದೀರಿ, ಮನಿ ಹಿರಿಯರನ್ನ ಒಂದ ಮಾತ ಕೇಳಬೇಕನ್ನೂದು ತಿಳೀಲಿಲ್ಲಲ್ಲ? ತಾಯಿ ಇಲ್ಲದ ಕೂಸು ಅಂತ, ತವರಿನ ಕುಬಸಾನೂ ನಾನ ಮಾಡಬೇಕು, ಅತ್ತಿಮನಿದೂ ನಾನ ಮಾಡಬೇಕು ಅಂತ ಹಸರ ಸೀರಿ ತಂದ ಟ್ರಂಕಿನ್ಯಾಗ ಇಟ್ಟಿದ್ದೆ. ಈಗ ಓಣ್ಯಾಗಿನ ಹೆಣ್ಮಕ್ಕಳು ಬಂದು, 'ಬಸಲಿಂಗವ್ವ, ನಿನ್ನ ಸೊಸಿ ಕುಬಸ ಆತಂತ, ನಮಗ ಕರೀಲೇ ಇಲ್ಲ' ಅಂತಾರ. ನನ್ನನ್ನ ಯಾರ ಕರದಾರ? ಹೆಣ್ಣ ಹಡೀಲಿಲ್ಲ ನಾನು. ಇದೊಂದು ನಂದಿತ್ತು."

ಕೊನೆಯ ಮಾತಿಗೆ ಆಕೆಯ ದನಿ ಒಡೆಯಿತು. ಅಲ್ಲಿಯವರೆಗೆ ನಾನು ಹಟಮಾರಿ ಅತ್ತೆಯೊಬ್ಬಳನ್ನು ಒಲಿಸಲು ಬಂದಿದ್ದೇನೆ ಎಂದುಕೊಂಡಿದ್ದೆ. ಆಕೆಯ ಕೈಯಲ್ಲಿದ್ದ ಹಬ್ಬವನ್ನು ನಾವು ಕಸಿದುಕೊಂಡಿದ್ದೆವು ಎಂದು ಆಗ ತಿಳಿಯಿತು. ಒಳಬಾಗಿಲಲ್ಲಿ ನಿಂತಿದ್ದ ನೀಲಾ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

"ತಪ್ಪಾತ್ರಿ ಅವ್ವಾರ," ಅಂದಳು ರಜಿಯಾ.

"ತಪ್ಪಾತಂದ್ರ ಮುಗೀತೇನು? ತವರವರಾಗಿ ಕುಬಸ ಮಾಡೀರಿ. ಕುಬಸ ಮಾಡಿದವರು ಬಾಣಂತನಾನೂ ಮಾಡಬೇಕು, ರೂಢಿ ಹಂಗೈತಿ. ಮಾಡತೀರೇನು?"

"ಮಾಡತೀವ್ರಿ."

ರಜಿಯಾ ಜಲ್ದಿ ಅಂದುಬಿಟ್ಟಳು, ನನ್ನನ್ನು ಕೇಳಲೂ ಇಲ್ಲ. ಬೈಯುವವರಿಗೆ ಎದುರು ಮಾತು ಬಂದರೆ ಅನುಕೂಲ. ಹೂಂ ಅಂದುಬಿಟ್ಟರೆ ಕಷ್ಟ. ಆಗ ಮೂಲೆಯಲ್ಲಿ ತಂಬಾಕು ತಿಕ್ಕುತ್ತ ಕೂತಿದ್ದ ನೀಲಾಳ ಮಾವ ಫಕ್ಕೀರಪ್ಪ ಬಾಯಿ ತೆರೆದರು. ವರ್ಷಕ್ಕೆ ನಾಕು ಮಾತಾಡುವ ಮನುಷ್ಯ ಎಂದು ನೀಲಾ ಹೇಳಿದ್ದಳು.

"ಅವರದು ಕಳ್ಳ ಕುಬಸ ಆತು ಬಿಡು. ನೀ ಈಗ ಖರೇದು ಮಾಡು."

ಕಳ್ಳ ಕುಬಸವೆಂದರೆ ಮೊದಲ ತಿಂಗಳುಗಳಲ್ಲಿ ಊರಿಗೆ ಹೇಳದೆ, ನಾಕು ಜನರೊಳಗೆ ಮುಗಿಸುವಂಥದ್ದು. ಅದಾದ ಮೇಲೆ ದೊಡ್ಡ ಕುಬಸ ಆಗಲೇಬೇಕು. ತಿಂಗಳ ಲೆಕ್ಕ ತಪ್ಪಿತ್ತು ನಿಜ, ಆದರೆ ಗಂಡ ತೆರೆದ ಬಾಗಿಲನ್ನು ಬಸಲಿಂಗವ್ವ ಬಿಡಲಿಲ್ಲ. ಮುಂದಿನ ಸೋಮವಾರವೇ ಖರೇ ಕುಬಸವಾಯಿತು. ಓಣಿಗೆ ಓಣಿಯೇ ಉಂಡಿತು. ಹಸಿರು ಸೀರೆ ಟ್ರಂಕಿನಿಂದ ಹೊರಬಂತು. ನಮ್ಮ ಬಳಗದವರನ್ನೆಲ್ಲ ಆಕೆ "ಇವರ ನೋಡ್ರಿ ಕಳ್ಳರು" ಎಂದು ಓಣಿಯ ಹೆಂಗಸರಿಗೆ ಪರಿಚಯ ಮಾಡಿಸಿದಳು. ನೀಲಾ ಮೂರನೇ ಸೆಮಿಸ್ಟರಿನ ಪರೀಕ್ಷೆ ಬರೆಯಲು ಗದಗಿಗೆ ಬಂದಳು. ಅದರಾಚೆಯ ಮಾತನ್ನು ಯಾರೂ ಎತ್ತಲಿಲ್ಲ.

ಎತ್ತದಿದ್ದರೂ ನಾವು ತಯಾರಿಗೆ ಬಿದ್ದೆವು. ವಿಭಾಗದ ಮುಖ್ಯಸ್ಥರು, ಹೆರಿಗೆಯೆಂದು ಹಾಜರಿಗೆ ರಿಯಾಯಿತಿ ಕೊಡಿಸುತ್ತೇನೆ, ಪರೀಕ್ಷೆಗೆ ಮಾತ್ರ ಯಾರಿಗೂ ರಿಯಾಯಿತಿ ಇಲ್ಲ ಅಂದರು. ಗೇಟಿನ ಎದುರಿನ ಊರಲ್ಲಿ ಎರಡು ಖೋಲಿಯ ಮನೆ ಹಿಡಿದೆವು. ಹಾಸ್ಟೆಲ್ಲಿನಿಂದ ಕಬ್ಬಿಣದ ಮಂಚ ಬಂತು. ಗಾಳಿ ಬೇಕೆಂದು ಅದನ್ನು ಕಿಟಕಿಗೆ ಹತ್ತಿಸಿ ಹಾಕಿದೆವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆಂದು ಗಾದೆಯಿದ್ದರೂ ಯಾರೋ ಹೊಲಿಸಿಯೇ ತಂದರು. ಇಬ್ಬರು ಹುಡುಗರು ಯೂಟ್ಯೂಬ್ ನೋಡಿ, ಬಾಣಂತಿಗೆ ಕೊಡುವ ಅಂಟಿನ ಉಂಡಿ ಕಟ್ಟಿದರು. ಅದನ್ನು ಒಡೆಯಲು ರುಬ್ಬುಗುಂಡು ಬೇಕಾಯಿತು.

ಸಂಕ್ರಾಂತಿ ಕಳೆದು ಗದಗಿನ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ಬಸಲಿಂಗವ್ವ ಅದನ್ನು ಎತ್ತಿಕೊಂಡು ಕೆಳಗಿಡಲೇ ಇಲ್ಲ. ಮನೆಗೆ ಕಳಿಸುವ ದಿನ ಈರಣ್ಣ ಲಕ್ಷ್ಮೇಶ್ವರಕ್ಕೆ ಹೋಗಲು ಗಾಡಿ ತಂದ. ನಾವು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದೆವು. ನೀಲಾ ಗಾಡಿ ಹತ್ತಲಿಲ್ಲ.

"ಅತ್ತಿ, ಪರೀಕ್ಷಿ ಮುಗಿಯೂತನ ನಾ ಇಲ್ಲೇ ಇರತೀನ್ರಿ. ಇವರು ಮನಿ ನೋಡ್ಯಾರ," ಅಂದಳು. ದನಿ ಸಣ್ಣದಿತ್ತು, ಆದರೆ ನಡುಗಲಿಲ್ಲ.

ಬಸಲಿಂಗವ್ವ ಸೊಸೆಯನ್ನು ನೋಡಿದಳು, ಕೂಸನ್ನು ನೋಡಿದಳು, ನಂತರ ನನ್ನನ್ನು. "ಏ ಸೆಕ್ರೆಟ್ರಿ, ಆ ಮನಿ ತೋರಸು."

ತೋರಿಸಿದೆವು. ಹೊಸ್ತಿಲು ದಾಟಿದವಳೇ ಮಂಚದ ಮುಂದೆ ನಿಂತಳು. "ಕಬ್ಬಿಣದ ಮಂಚಾ? ಇದರ ಬುಡಕ ಕೆಂಡ ಇಟ್ಟು ನನ್ನ ಸೊಸಿನ್ನ ಹುರೀಬೇಕಂತ ಮಾಡೀರೇನು? ಕಿಡಕಿ ಬಾಯಾಗ ಬಾಣಂತಿನ್ನ ಹಾಕತಾರೇನು, ಆ ಗುಡ್ಡದ ಗಾಳಿ ಕಿವ್ಯಾಗ ಹೊಕ್ಕರ?" ಉಂಡಿಯೊಂದನ್ನು ಕೈಯಲ್ಲಿ ತೂಗಿ ನೋಡಿ ಕೆಳಗಿಟ್ಟಳು. "ಆರ ಹಡದಾಕಿ ಮುಂದ ಮೂರ ಹಡದಾಕಿ ಆಚಾರ ಹೇಳಿದ್ಲಂತ. ನೀವರ ಒಂದೂ ಹಡದವರಲ್ಲ!"

ಇನ್ನು ಸೊಸೆಯನ್ನು ಕರೆದುಕೊಂಡು ಹೊರಟೇಬಿಡುತ್ತಾಳೆಂದು ನಾವು ಗಾಡಿಯ ಸಪ್ಪಳಕ್ಕಾಗಿ ಕಾಯುತ್ತ ನಿಂತೆವು. ಆದರೆ ಆಕೆ ಮಗನನ್ನು ಕರೆದು, ಹಗ್ಗದ ಹೊರಸು, ಅಗ್ಗಿಷ್ಟಿಗೆ, ನೀರು ಕಾಸುವ ಹಂಡೆ, ತನ್ನ ಹಾಸಿಗೆ ತರಲು ಹೇಳಿದಳು. "ನಿಮ್ಮಪ್ಪಗ ಹೇಳು, ಬಿತ್ತಿಗಿ ಹೊತ್ತಿಗೆ ಬರತೀನಿ ಅಂತ." ಫಕ್ಕೀರಪ್ಪ ಅದಕ್ಕೆ ಕಳಿಸಿದ ಉತ್ತರ ಈರಣ್ಣನ ಜೊತೆ ಸಂಜೆ ಬಂತು: "ನನಗ ಅಡಗಿ ಬರತೈತಿ." ಆ ವರ್ಷದ ಎರಡನೇ ಮಾತು ಅದು.

"ನಾ ಇರೂದು ಕೂಸಿನ ಸಲುವಾಗಿ, ನಿಮ್ಮ ಪರೀಕ್ಷಿ ಸಲುವಾಗಿ ಅಲ್ಲ," ಎಂದು ಆಕೆ ನಮಗೆ ಸ್ಪಷ್ಟ ಹೇಳಿದಳು. ಅದನ್ನು ಪಾಲಿಸಿದಳು ಕೂಡ. ಒಂದೂಕಾಲು ತಿಂಗಳು ಸೊಸೆ ಹೊಸ್ತಿಲು ದಾಟಕೂಡದು. ಗಂಡಸರು ಒಳಗೆ ಬರಕೂಡದು. ಪುಸ್ತಕ ಹಿಡಿದರೆ ಕಣ್ಣಿಗೆ ಕೆಟ್ಟದ್ದು, ಮೊಬೈಲ್ ಹಿಡಿದರೆ ಇನ್ನೂ ಕೆಟ್ಟದ್ದು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಹೊತ್ತುಹೊತ್ತಿಗೆ ಅಳ್ವಿ ಕಾಳಿನ ಪಾಯಸ, ಸಬ್ಬಸಗಿ ಪಲ್ಯ, ಮೆಣಸಿನ ಸಾರು. ಅತ್ತ ತರಗತಿಗಳು ಶುರುವಾಗಿ ಓಡುತ್ತಿದ್ದವು. ನೀಲಾ ಮಲಗಿದಲ್ಲೇ ಕಣ್ಣೀರು ತೆಗೆಯುತ್ತಾಳೆ ಎಂದು ರಜಿಯಾ ಬಂದು ಹೇಳಿದಳು.

"ಪುಸ್ತಕ ಹಿಡೀಬಾರದು, ಖರೆ. ಕಿವಿಲೆ ಕೇಳಿದ್ರ ಏನಾಗತೈತ್ರಿ?" ಎಂದು ರಜಿಯಾ ಬಸಲಿಂಗವ್ವನನ್ನು ಕೇಳಿದಳು.

ಕಿವಿಯಿಂದ ಕೇಳಬಾರದೆಂದು ಆಕೆಯ ಶಾಸ್ತ್ರದಲ್ಲಿ ಎಲ್ಲೂ ಇರಲಿಲ್ಲ. ಕಿವಿಯ ಹತ್ತಿ ಒಂದು ಬದಿಯದು ತೆಗೆಯಬಹುದೆಂದು ಒಪ್ಪಿದಳು. ಹೀಗೆ ಕಿಡಕಿ ಪಾಠ ಶುರುವಾಯಿತು. ಹೊರಗೆ ಕಿಟಕಿಗೆ ಹತ್ತಿದ ಕಟ್ಟೆಯ ಮೇಲೆ ನಮ್ಮಲ್ಲೊಬ್ಬರು ದಿನಾ ಸಂಜೆ ಕೂತು, ಅವತ್ತಿನ ಪಾಠವನ್ನು ದೊಡ್ಡ ದನಿಯಲ್ಲಿ ಓದುವುದು. ಕಿಟಕಿಗೆ ಹಳೆಯ ಇಲಕಲ್ ಸೀರೆಯ ಪರದೆ. ಒಳಗಿಂದ ನೀಲಾ ಪ್ರಶ್ನೆ ಕೇಳುವಳು, ಕೂಸು ನಡುವೆ ಬಾಯಿ ಹಾಕುವುದು, ಲೋಬಾನದ ಹೊಗೆ ಪರದೆಯ ಕೆಳಗಿಂದ ಬಂದು ನಮ್ಮ ಕಣ್ಣುರಿಸುವುದು. ಬಳಗದಲ್ಲಿ ಸರದಿ ಹಾಕಿಕೊಂಡೆವು. ಮಾತು ಬಿಟ್ಟಿದ್ದ ಒಬ್ಬ ಹುಡುಗನನ್ನೂ ನಾನು ಕಳಿಸಿದೆ. ಕಾಣದವರಿಗೆ ಓದಿ ಹೇಳುವುದು ಅವನಿಗೆ ಸುಲಭವಾಯಿತೇನೋ, ತನ್ನ ಸರದಿ ಮುಗಿದರೂ ಬಿಟ್ಟುಕೊಡಲಿಲ್ಲ. ಕ್ಲಾಸಿನಲ್ಲಿ ನಿದ್ದೆ ಹೊಡೆಯುತ್ತಿದ್ದವರೆಲ್ಲ ನೀಲಾಳಿಗೆ ಓದಿ ಹೇಳಬೇಕೆಂದು ನೋಟ್ಸ್ ಬರೆಯತೊಡಗಿದರು.

ಒಂದು ಸಂಜೆ ನನ್ನ ಸರದಿ. ಗ್ರಾಮಸಭೆಯ ಅಧಿಕಾರಗಳ ಪಾಠ. ಓದುತ್ತ ಹೋದಂತೆ ಒಳಗಿಂದ ಏನೂ ಸದ್ದಿಲ್ಲ.

"ಸಣ್ಣ ದನಿಲೆ ಓದು, ಆಕಿ ಮಲಗ್ಯಾಳ," ಎಂದು ಬಸಲಿಂಗವ್ವನ ದನಿ ಬಂತು.

"ಹಂಗಾರ ಯಾರಿಗೆ ಓದಲ್ರಿ ಅವ್ವಾರ? ನಾಳೆ ಬರತೀನ್ರಿ."

"ಕುಂಡ್ರು, ಕುಂಡ್ರು. ಓದು ನೀ. ಆಕಿ ಎದ್ದ ಮ್ಯಾಲ ನಾ ಹೇಳತೀನಿ."

ನಾನು ಸಣ್ಣ ದನಿಯಲ್ಲಿ ಓದಿದೆ. ಪರದೆಯಾಚೆ ಆಕೆ ಕೂಸಿನ ಕಾಲು ತಿಕ್ಕುವ ಸಪ್ಪಳ ಕೇಳುತ್ತಿತ್ತು. ನಡುವೆ ಎರಡು ಸಲ "ಇನ್ನೊಮ್ಮಿ ಅನ್ನು" ಅಂದಳು. ಮರುದಿನ ನೀಲಾ ಬಿದ್ದು ಬಿದ್ದು ನಗುತ್ತ ರಜಿಯಾಳಿಗೆ ಹೇಳಿದಳಂತೆ: ಅತ್ತೆ ಪಾಠವನ್ನೇನೋ ಹೇಳಿದಳು, ಆದರೆ ಜಿಲ್ಲಾ ಪಂಚಾಯತಿಯನ್ನು ತಾಲೂಕಿನ ಕೆಳಗೆ ಇಟ್ಟಳು, ತನ್ನ ತವರಾದ ಮಾಗಡಿಯ ಪಂಚಾಯತಿಯನ್ನು ಎಲ್ಲದರ ಮೇಲೆ ಇಟ್ಟಳು. ಅಂದಿನಿಂದ ಬಸಲಿಂಗವ್ವ ಪಾಠಕ್ಕೆ ಟಿ.ವಿ. ಧಾರಾವಾಹಿಗೆ ಕಾಯುವಂತೆ ಕಾಯತೊಡಗಿದಳು. ತಡವಾಗಿ ಹೋದವರಿಗೆ ಬೈಗುಳ, ಬೇಗ ಹೋದವರಿಗೆ ಅಳ್ವಿ ಪಾಯಸ. "ನಿನ್ನಿ ಎಲ್ಲಿಗೆ ನಿಂತಿತ್ತು?" ಎಂದು ನಾವು ಕೂರುವ ಮೊದಲೇ ಕೇಳುವಳು.

ಬಿಸಿಲು ಏರಿತು. ಹೊರಗೆ ಓಡಾಡುವ ದಿನ ಬಂದ ಮೇಲೆ ನೀಲಾ ತರಗತಿಗೂ ಬಂದಳು. ಕಿವಿಗೆ ಸ್ಕಾರ್ಫು ಕಟ್ಟಿಕೊಂಡು, ಮಧ್ಯಾಹ್ನ ಕೂಸಿಗೆ ಹಾಲು ಕುಡಿಸಲು ಓಡಿಹೋಗಿ ಬರುತ್ತ. ಪರೀಕ್ಷೆ ಮೇ ತಿಂಗಳಲ್ಲಿ ಎಂದಿತ್ತು. ಮುಂದೆ ಹೋಯಿತು. ಪರೀಕ್ಷೆಗಳು ಮುಂದೆ ಹೋಗುವುದು ಹೊಸದಲ್ಲ, ನಾವು ಸಿನಿಮಾಕ್ಕೆ ಹೋದೆವು. ಆದರೆ ಆ ಸಲ ಮಳೆ ಹಿಂದೆ ಸರಿಯಲಿಲ್ಲ. ಜೂನ್ ಹುಟ್ಟುತ್ತಲೇ ಲಕ್ಷ್ಮೇಶ್ವರದ ಕಡೆ ಎರಡು ದೊಡ್ಡ ಮಳೆ ಬಿದ್ದು ಎರೆಹೊಲ ಹದಕ್ಕೆ ಬಂತು. ಬಸಲಿಂಗವ್ವ ಹಂಡೆ ಬೆಳಗಿ ಬೋರಲು ಹಾಕಿದಳು. ಅಂದರೆ ಹೊರಟಳೆಂದೇ ಅರ್ಥ.

"ಹೆಸರ ಬಿತ್ತಬೇಕು. ಹದ ಹೋದ್ರ ಬರಂಗಿಲ್ಲ. ಕೂರಿಗಿ ಹಿಂದ ಬೀಜ ಬಿಡೂದು ನನ್ನ ಕೈ ಕೆಲಸ, ಮದುವಿ ಆದಾಗಿಂದ ಒಂದ ವರ್ಷಾನೂ ತಪ್ಪಿಸಿಲ್ಲ. ಕೂಸಿನ್ನ ಬಿಟ್ಟು ಹೋಗಾಕ ಆಗಂಗಿಲ್ಲ, ಕರ್ಕೊಂಡ ಹೋದ್ರ ತಾಯಿನೂ ಬರಬೇಕು," ಅಂದಳು. 

ಪರೀಕ್ಷೆಗೆ ವಾರವಿತ್ತು. ನೀಲಾ ಪುಸ್ತಕಗಳನ್ನು ಚೀಲಕ್ಕೆ ತುಂಬತೊಡಗಿದಳು. ಇಷ್ಟೆಲ್ಲ ಮಾಡಿ ಒಂದು ವಾರಕ್ಕೆ ಸೋಲುವುದೇ ಅನ್ನಿಸಿತು. ತಟ್ಟನೆ ನಮ್ಮೂರಿನ ರೂಢಿ ನೆನಪಾಯಿತು. ಬಿತ್ತಿಗೆಗೆ ನಿಮ್ಮ ಮನೆಯವರು ನಮ್ಮ ಹೊಲಕ್ಕೆ, ನಮ್ಮವರು ನಿಮ್ಮ ಹೊಲಕ್ಕೆ, ಮುಯ್ಯಿಗೆ ಮುಯ್ಯಿ.

"ಅವ್ವಾರ, ನೀವು ನಮ್ಮ ಕೆಲಸಕ್ಕ ಬಂದ ಕುಂತೀರಿ. ನಿಮ್ಮ ಕೆಲಸಕ್ಕ ನಾವು ಹೋಗತೀವ್ರಿ. ಮುಯ್ಯಾಳು."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬೀಜಾ ಯಾರ ಬಿಡತಾರ?"

"ನಾ ಬಿಡತೀನ್ರಿ," ಅಂದಳು ಬಳೆ ಅಂಗಡಿಯ ರಜಿಯಾ. ಹೊಲ ಅವಳು ಬಸ್ಸಿನ ಕಿಟಕಿಯಿಂದ ನೋಡಿದ್ದಷ್ಟೇ.

ಆ ಸಂಜೆ ಬಸಲಿಂಗವ್ವ ಅವಳಿಗೆ ಅಂಗಳದಲ್ಲಿ ಬೀಜ ಬಿಡುವುದನ್ನು ಕಲಿಸಿದಳು. ಮುಷ್ಟಿಯೊಳಗಿಂದ ಕಾಳು ಹೇಗೆ ಬೆರಳ ಸಂದಿಯಿಂದ ಒಂದೇ ಸಮ ಇಳಿಯಬೇಕು, ಎತ್ತು ನಿಂತರೆ ಕೈ ಹೇಗೆ ನಿಲ್ಲಬೇಕು. ಬೈಯುತ್ತಲೇ ಕಲಿಸಿದಳು. ರಜಿಯಾ ಜನ್ಮದಲ್ಲಿ ಮೊದಲ ಸಲ ಎದುರು ಮಾತಾಡದೆ ಕಲಿತಳು. ಮರುದಿನ ನಾವು ಆರೇಳು ಮಂದಿ ಲಕ್ಷ್ಮೇಶ್ವರದ ಹೊಲದಲ್ಲಿದ್ದೆವು. ನಾನು ಕೂರಿಗೆ ಹಿಡಿದೆ, ಫಕ್ಕೀರಪ್ಪ ಎತ್ತು ಹೊಡೆದರು, ರಜಿಯಾ ಮತ್ತಿಬ್ಬರು ಹುಡುಗಿಯರು ಬೀಜ ಬಿಟ್ಟರು. ಎರೆಮಣ್ಣು ಕಾಲಿಗೆ ಮೆತ್ತಿ ಒಬ್ಬೊಬ್ಬರೂ ಒಂದೊಂದು ಗೇಣು ಎತ್ತರವಾದೆವು. ಸಂಜೆ ಫಕ್ಕೀರಪ್ಪ ಬದುವಿನ ಮೇಲೆ ನಿಂತು ಸಾಲುಗಳನ್ನು ಬಹಳ ಹೊತ್ತು ನೋಡಿದರು. "ಹುಟ್ಟತಾವು," ಅಂದರು. ಅಷ್ಟೇ.

ಹುಟ್ಟಿದವು. ಪರೀಕ್ಷೆಯ ನಡುವೆ ಈರಣ್ಣ ಫೋಟೋ ಕಳಿಸಿದ. ಹಸಿರು ಸಾಲು ಹಾವು ಹರಿದಂತೆ ಹರಿದಿತ್ತು. ಬಸಲಿಂಗವ್ವ ಬಳಗದವರಿಗೆಲ್ಲ ಕರೆದು ಕರೆದು ತೋರಿಸಿ ನಕ್ಕಳು. ನಮ್ಮನ್ನು ಕಂಡು ಆಕೆ ಅಷ್ಟು ನಕ್ಕದ್ದು ಅದೇ ಮೊದಲು.

ಕೊನೆಯ ಪರೀಕ್ಷೆಯ ದಿನ ಮೋಡ ಕವಿದಿತ್ತು, ಮಳೆ ಇರಲಿಲ್ಲ. ನನ್ನ ವಿಭಾಗದ ಪರೀಕ್ಷೆ ಹಿಂದಿನ ದಿನವೇ ಮುಗಿದಿತ್ತು. ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಸಲಿಂಗವ್ವ ಮೂರು ತಾಸೂ ಪರೀಕ್ಷಾ ಕಟ್ಟಡದ ಮೆಟ್ಟಿಲ ಬಳಿ ಅಡ್ಡಾಡಿದಳು. ಬೇಡವೆಂದರೂ ಕೂರಲಿಲ್ಲ. ಗಂಟೆ ಹೊಡೆಯಿತು. ನೀಲಾ ಎಲ್ಲರಿಗಿಂತ ಕೊನೆಗೆ ಬಂದಳು, ಬೆರಳಿಗೆಲ್ಲ ಇಂಕು. ಕೂಸು ಅವಳನ್ನು ಕಂಡು ಕೈ ಚಾಚಿತು.

"ಮುಗೀತೇನು?" ಅಂದಳು ಬಸಲಿಂಗವ್ವ.

"ಮುಗೀತ್ರಿ ಅತ್ತಿ. ಎಲ್ಲಾ ಬರದೀನಿ."

ಈರಣ್ಣ ಗಾಡಿ ತಂದು ನಿಲ್ಲಿಸಿದ್ದ. ಹಂಡೆ, ಹೊರಸು, ಹಾಸಿಗೆ ಎಲ್ಲ ಅದರೊಳಗೆ. ಅವನು ಹಾರ್ನ್ ಹೊಡೆದ. ಬಸಲಿಂಗವ್ವ ಆ ಕಡೆ ನೋಡಲೂ ಇಲ್ಲ. ಕೂಸನ್ನು ತಾಯಿಯ ಮಡಿಲಿಗೆ ಹಾಕಿ, ಮೆಟ್ಟಿಲ ಮೇಲೆ ಸೊಸೆಯ ಪಕ್ಕ ಕೂತಳು.

"ಹೇಳು. ಮದಲನೇದು ಏನ ಕೇಳ್ಯಾರ?"

ನೀಲಾ ಪ್ರಶ್ನೆಪತ್ರಿಕೆ ಬಿಚ್ಚಿ, ಕೂಸಿಗೆ ಹಾಲು ಕುಡಿಸುತ್ತ, ಮೊದಲನೆಯದನ್ನು ಓದಿದಳು. ತಾನು ಬರೆದದ್ದನ್ನು ಹೇಳಿದಳು. ಎರಡನೆಯದನ್ನೂ ಹೇಳಿದಳು. ಮೂರನೆಯದು ಗ್ರಾಮಸಭೆಯ ಮೇಲಿನದಿತ್ತು. ನೀಲಾ ಉತ್ತರಕ್ಕೆ ಬಾಯಿ ತೆರೆದಳು.

"ತಡಿ," ಅಂದಳು ಬಸಲಿಂಗವ್ವ. "ಇದನ್ನ ನಾ ಹೇಳತೀನಿ."

ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ತೊಡೆಯ ಮೇಲಿಟ್ಟು, ಶಾಲೆಯಲ್ಲಿ ಎದ್ದುನಿಂತ ಹುಡುಗಿಯಂತೆ ಒಂದೇ ಸಮ ಹೇಳತೊಡಗಿದಳು. ಪೂರ್ತಿ ಅಂಕ ಕೊಡುವ ಉತ್ತರವೇನಲ್ಲ. ಎರಡು ಕಡೆ ತಪ್ಪಿತು, ಒಂದು ಕಡೆ ಮಾಗಡಿ ಬಂತು. ಈರಣ್ಣ ಹಾರ್ನ್ ಬಿಟ್ಟು ಗಾಡಿಯಿಂದ ಇಳಿದು ಬಂದು ಸ್ವಲ್ಪ ದೂರದಲ್ಲಿ ನಿಂತ. ನೀಲಾ ಎಲ್ಲಿಯೂ ತಿದ್ದಲಿಲ್ಲ. ಅತ್ತೆ ಹೇಳಿ ಮುಗಿಸುವ ತನಕ ಕೇಳಿದಳು.